ಕತೆಯಿಲ್ಲ ಅಂದವರಿಗೆ ಗುಳೆ ಕಾಣಲಿಲ್ಲ

2009ರ ಡಿಸೆಂಬರಿನಲ್ಲಿ ‘ಅವತಾರ್’ ಬಂದಾಗ ನಾನು ಮಾನ್ವಿಯಲ್ಲಿ ಹೈಸ್ಕೂಲು ಓದುತ್ತಿದ್ದೆ. ಅದರ ಮುಂದಿನ ಭಾಗ ‘ದ ವೇ ಆಫ್ ವಾಟರ್’ ಬಂದದ್ದು 2022ರ ಡಿಸೆಂಬರ್ 16ಕ್ಕೆ. 13 ವರ್ಷ ಕಾಯಿಸಿದ ಸಿನಿಮಾವನ್ನು ರಾಯಚೂರಿನಲ್ಲಿ ಗೆಳೆಯರ ಜೊತೆ ತೆಲುಗಿನಲ್ಲಿ ನೋಡಿದೆ. ಆಮೇಲೆ ತೀನ್ ಕಂದೀಲ್ ಹತ್ತಿರ ಒಗ್ಗರಣಿ ಮಿರ್ಚಿ ತಿನ್ನುತ್ತ ಜಗಳಕ್ಕೆ ಕೂತೆವು.

ಎರಡು ಪಕ್ಷಗಳಾದವು. “ಗ್ರಾಫಿಕ್ಸ್ ಏನೋ ಭಾರಿ ಅದಾವು, ಆದ್ರ ಕತೀನ ಇಲ್ಲ” ಎಂದಿತು ಒಂದು ಪಕ್ಷ. “ಕತಿ ಯಾರಿಗೆ ಬೇಕು? ಸಮುದ್ರ ನೋಡಾಕ ಹೋಗಿದ್ವಿ, ನೋಡಿದ್ವಿ” ಎಂದಿತು ಇನ್ನೊಂದು. ಆಮೇಲೆ ನಾನು ಓದಿದ ವಿಮರ್ಶೆಗಳಲ್ಲೂ ಬಹುತೇಕ ಇದೇ ಹಂಚಿಕೆ. ಬೈದವರೂ ಹೊಗಳಿದವರೂ ಒಂದು ಮಾತನ್ನು ಮಾತ್ರ ಕೂಡಿಯೇ ಒಪ್ಪಿದ್ದರು: ಇದರಲ್ಲಿ ಕತೆಯಿಲ್ಲ. ನನ್ನ ತಕರಾರು ಇರುವುದು ಆ ಒಪ್ಪಂದದ ಮೇಲೆ.

ಅದು ತಪ್ಪೆಂದು ನನಗೆ ತೋರಿಸಿಕೊಟ್ಟವನು ದೊಡ್ಡಪ್ಪನ ಮಗ. ದೇವದುರ್ಗ ತಾಲ್ಲೂಕಿನ ಹಳ್ಳಿಯವನು, ಬೆಂಗಳೂರಿನಲ್ಲಿ ಗೌಂಡಿ ಕೆಲಸ. ಅಲ್ಲಿಗೆ ಹೋಗಿದ್ದಾಗ ಅವನನ್ನು ಕರೆದುಕೊಂಡು ಅದೇ ಸಿನಿಮಾವನ್ನು ಕನ್ನಡದಲ್ಲಿ ನೋಡಿದೆ. ಮಧ್ಯಂತರದಲ್ಲಿ ತ್ರೀಡಿ ಕನ್ನಡಕ ತೆಗೆದು ಅವನು ಕೇಳಿದ: “ಇದು ನಮ್ ಗುಳೇದ ಕತಿ ಅಲ್ಲೇನೋ ತಮ್ಮಾ?”

ಹೌದಲ್ಲ! ಜೇಕ್ ಮತ್ತು ನೇಯ್ಟಿರಿ ಮಕ್ಕಳನ್ನು ಕಟ್ಟಿಕೊಂಡು ತಮ್ಮ ಕಾಡು ಬಿಟ್ಟು ಕಡಲ ದಂಡೆಗೆ ಬಂದು ಆಶ್ರಯ ಬೇಡುತ್ತಾರೆ. ಅಲ್ಲಿಯ ಜನ ಇವರ ತೋಳು ಸಣ್ಣ, ಬಾಲ ಬಲಹೀನ, ನೀರಿನಲ್ಲಿ ಯಾತಕ್ಕೂ ಬಾರದವರು ಎಂದು ಸುತ್ತ ತಿರುಗಿ ಪರೀಕ್ಷಿಸುತ್ತಾರೆ. ನಾವಿಗಳ ಕೈಗೆ ನಾಲ್ಕೇ ಬೆರಳು. ಐದು ಬೆರಳಿರುವ ಮಕ್ಕಳನ್ನು ಅಲ್ಲಿಯ ಹುಡುಗರು ಹಂಗಿಸುತ್ತಾರೆ. ಆ ಮಕ್ಕಳು ಉಸಿರಾಡುವುದನ್ನೂ ಹೊಸದಾಗಿ ಕಲಿಯಬೇಕು. ಇದನ್ನು ಕತೆಯಲ್ಲ ಎನ್ನುವವರು ಬೇಸಿಗೆಯಲ್ಲಿ ದೇವದುರ್ಗದಿಂದ ಬೆಂಗಳೂರಿಗೆ ಹೊರಡುವ ಬಸ್ಸನ್ನು ಒಮ್ಮೆ ನೋಡಬೇಕು. ಚೀಲ, ಪಾತ್ರೆ, ಕಂಕುಳಲ್ಲಿ ಕೂಸು. ಊರಲ್ಲಿ ಉಳಿದವರು ಮುದುಕರು.

ಹೋಲಿಕೆ ಎಳೆದು ತಂದದ್ದು ಎನ್ನಬಹುದು. ಜೇಕ್ ಓಡಿದ್ದು ಬಂದೂಕಿಗೆ ಹೆದರಿ, ನಮ್ಮವರು ಹೋಗುವುದು ಸಾಲಕ್ಕೆ, ಒಣ ಹೊಲಕ್ಕೆ. ಹೊರಡುವ ಕಾರಣ ಬೇರೆ, ಒಪ್ಪುತ್ತೇನೆ. ತಲುಪಿದ ಮೇಲೆ ಆಗುವುದು ಮಾತ್ರ ಒಂದೇ.

ಸಿನಿಮಾದಲ್ಲಿ ಎರಡನೆಯ ಗುಳೆಯೂ ಇದೆ, ಅದನ್ನಂತೂ ಯಾರೂ ಎಣಿಸಲೇ ಇಲ್ಲ. ಭೂಮಿ ಸಾಯುತ್ತಿದೆ, ಮನುಷ್ಯರಿಗೆ ಇನ್ನೊಂದು ಮನೆ ಬೇಕು. ಅದಕ್ಕೇ ಅವರು ಪಂಡೋರಾಕ್ಕೆ ಮರಳಿ ಬಂದಿದ್ದಾರೆ. ಅವರೂ ಊರು ಬಿಟ್ಟವರೇ. ಆದರೆ ಅವರು ಯಾರ ಬಾಗಿಲಲ್ಲೂ ನಿಲ್ಲುವುದಿಲ್ಲ. ಹಡಗು ಇಳಿಸುವುದಕ್ಕೇ ಕಾಡು ಸುಡುತ್ತಾರೆ. ತಿಮಿಂಗಿಲದಂಥ ತುಲ್ಕುನ್ ಜೀವಿಯನ್ನು ಕೊಂದು, ಮಿದುಳಿನಿಂದ ಒಂದು ಸೀಸೆಯಷ್ಟು ದ್ರವ ತೆಗೆದು, ಉಳಿದ ಮೈಯನ್ನು ಬಿಟ್ಟುಹೋಗುತ್ತಾರೆ. ಮುಪ್ಪನ್ನು ತಡೆಯುವ ಆ ದ್ರವಕ್ಕೆ ಜೇಮ್ಸ್ ಕ್ಯಾಮರೂನ್ ಇಟ್ಟ ಹೆಸರು ‘ಅಮೃತ’. ಇದನ್ನು ನೋಡುವಾಗ ನನಗೆ ನೆನಪಾದದ್ದು ನನ್ನ ಜಿಲ್ಲೆ. ಹಟ್ಟಿಯ ಚಿನ್ನ ಇಲ್ಲಿಯದು. 1985ರಿಂದ ಶಕ್ತಿನಗರದ ಉಷ್ಣ ಸ್ಥಾವರ ನಾಡಿಗೆಲ್ಲ ಕರೆಂಟು ಕೊಡುತ್ತಿದೆ. ಬೂದಿ ಇಲ್ಲೇ ಉಳಿಯುತ್ತದೆ. ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ; ಆದರೂ ಎಡದಂಡೆ ಕಾಲುವೆಯ ಕೊನೆ ಭಾಗದ ಮಾನ್ವಿ ರೈತ ನೀರಿಗಾಗಿ ರಸ್ತೆಗಿಳಿಯಬೇಕು. ನಂಜುಂಡಪ್ಪ ಸಮಿತಿ 2002ರಲ್ಲೇ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು.

ಹಾಗಂತ ಸಿನಿಮಾ ನನಗೆ ಪೂರ್ತಿ ಹಿಡಿಸಿತೆಂದಲ್ಲ. ಮೂರು ಗಂಟೆ ಹನ್ನೆರಡು ನಿಮಿಷದಲ್ಲಿ ಕೊನೆಯ ಭಾಗವನ್ನು ಕ್ಯಾಮರೂನ್ ಗುಂಡಿನ ಕಾಳಗಕ್ಕೆ ಕೊಟ್ಟುಬಿಟ್ಟರು. ಬಂದವರು ಇಲ್ಲಿಯವರಾಗುವುದು ಹೇಗೆ ಎಂದು ಅಷ್ಟು ತಾಳ್ಮೆಯಿಂದ ಕೇಳಿದ ಪ್ರಶ್ನೆಗೆ ಅವರ ಉತ್ತರ ಒಂದು ಹೆಣ. ಹಿರಿಯ ಮಗ ಸಾಯುತ್ತಾನೆ, ಅವನನ್ನು ಕಡಲಿನಲ್ಲಿ ಮಣ್ಣು ಮಾಡುತ್ತಾರೆ, ಇನ್ನು ಮೇಲೆ ನೀವೂ ನಮ್ಮವರೇ ಎಂದು ಅಲ್ಲಿಯ ಮುಖಂಡ ಒಪ್ಪುತ್ತಾನೆ. ಥಿಯೇಟರಿನಲ್ಲಿ ಕಣ್ಣೊರೆಸಿಕೊಂಡವರಿದ್ದರು. ನನಗೆ ಸಿಟ್ಟು ಬಂತು. ಕಟ್ಟಡದ ಮೇಲಿಂದ ಬಿದ್ದು ಸತ್ತವರ ಮನೆಯವರಿಗೆ ಬೆಂಗಳೂರು ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳಿದರೂ ಅದೆಂಥ ಲೆಕ್ಕ? ಮಗನನ್ನು ಕೊಟ್ಟು ವಿಳಾಸ ಪಡೆಯುವುದೆ?

ಇಂಥ ಸಿಟ್ಟು ಬರಬೇಕಾದರೆ ಮೊದಲು ಕತೆ ಕಾಣಬೇಕು. ನಮಗೆ ಅದು ಯಾಕೆ ಕಾಣಲಿಲ್ಲ? ವೈಜ್ಞಾನಿಕ ಸಿನಿಮಾ ಎಂದರೆ ಪರರ ಭಾಷೆಯಲ್ಲಿ ನೋಡುವ ಜಾತ್ರೆ ಎಂಬುದು ನಮ್ಮ ರೂಢಿ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ವೈಜ್ಞಾನಿಕ ಕತೆ ಬರೆದರೂ ತೆರೆಯ ಮೇಲೆ ಆ ಲೋಕ ಕನ್ನಡ ಆಡಿದ್ದು ತೀರ ಕಡಿಮೆ. ದಶಕಗಳ ಕಾಲ ಡಬ್ಬಿಂಗಿಗೆ ಚಿತ್ರಮಂದಿರದ ಬಾಗಿಲು ಮುಚ್ಚಿತ್ತು; 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ನಿಧಾನಕ್ಕೆ ತೆರೆಯಿತು. ಪರಭಾಷೆಯ ಸರಕು ಬಂದರೆ ಕನ್ನಡ ಕೆಡುತ್ತದೆ ಎನ್ನುವವರಿಗೆ ರಾಯಚೂರಿನಲ್ಲೇ ಉತ್ತರವಿದೆ. ಗಜಲ್ ಉರ್ದುವಿನದು, ಶಾಂತರಸರು ಅದನ್ನು ಕನ್ನಡಕ್ಕೆ ಒಗ್ಗಿಸಿದರು. ಇವತ್ತು ನಮ್ಮ ಭಾಗದಲ್ಲಿ ಗಜಲ್ ಬರೆಯದ ಕವಿಯನ್ನು ಹುಡುಕಬೇಕು.

ಹಾಗಾಗಿ ಡಬ್ಬಿಂಗ್ ಮಾಡುವವರಿಗೆ ನನ್ನದೊಂದು ಬೇಡಿಕೆ: ಕಾಡಿನ ಕುಟುಂಬಕ್ಕೆ ದೇವದುರ್ಗದ ಮಾತು ಕೊಡಿ, ಕಡಲಿನವರಿಗೆ ಕರಾವಳಿಯದು. ಇಬ್ಬರೂ ಕನ್ನಡಿಗರೇ, ಆದರೂ ಒಬ್ಬರಿಗೊಬ್ಬರು ಪರಕೀಯರು ಎಂಬುದು ಆಗ ಕಿವಿಗೇ ಬೀಳುತ್ತದೆ.

ಅಂದು ಸಿನಿಮಾ ಮುಗಿದ ಮೇಲೆ ನನ್ನ ಅಣ್ಣ ಗ್ರಾಫಿಕ್ಸಿನ ಸುದ್ದಿ ಎತ್ತಲಿಲ್ಲ. ಬಸ್ ಸ್ಟಾಪಿನಲ್ಲಿ ನಿಂತು ಕೇಳಿದ್ದು ಇಷ್ಟು: “ಮಗ ಸತ್ತ ಮ್ಯಾಲ ನಮ್ಮವ ಅಂದ್ರು. ಅಲ್ಲೀತನಕ ಅವ ಯಾರಾಗಿದ್ದ?”