ಎರಡು ಕಿವಿ, ಹನ್ನೆರಡು ಸ್ಪೀಕರು

ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ತೇರು ಎಳೆಯುವ ದಿನ ಜನಸಂದಣಿಯ ನಡುವೆ ಕಣ್ಣು ಮುಚ್ಚಿ ನಿಂತರೂ ಸುತ್ತಲಿನ ಸಂಗತಿಯೆಲ್ಲ ನಮಗೆ ತಿಳಿಯುತ್ತದೆ. ಡೊಳ್ಳು ಎಡಗಡೆಯಿಂದ ಬರುತ್ತಿದೆ. ಗುಡಿಯ ಗಂಟೆ ಬೆನ್ನ ಹಿಂದಿದೆ. ಮಾಳಿಗೆಯ ಮೇಲೆ ನಿಂತ ಮಕ್ಕಳು ಕೂಗುತ್ತಿದ್ದಾರೆ. ಇರುವುದು ಎರಡೇ ಕಿವಿ. ಆದರೂ ಎಡಬಲ, ಹಿಂದುಮುಂದು, ಮೇಲುಕೆಳಗುಗಳ ಸುದ್ದಿಯೆಲ್ಲ ಅವುಗಳ ಮೂಲಕವೇ ಬರುತ್ತದೆ.

ಈ ಅನುಭವವನ್ನು ಧ್ವನಿಮುದ್ರಣದಲ್ಲಿ ಮರಳಿ ಕಟ್ಟುವ ವಿದ್ಯೆ ಇಂದು ಬಹಳ ಮುಂದುವರಿದಿದೆ. ಡಾಲ್ಬಿ ಅಟ್ಮಾಸ್ ಎಂಬ ಏರ್ಪಾಡು 2012ರಲ್ಲಿ ಚಿತ್ರಮಂದಿರಗಳಿಗೆ ಬಂದಿತು. ಬೇರೆಬೇರೆಯಾಗಿ ಮುದ್ರಿಸಿದ ದನಿಗಳನ್ನು ಹದವರಿತು ಕೂಡಿಸಿ, ಒಂದೊಂದಕ್ಕೂ ಕೇಳುಗನ ಸುತ್ತ ಒಂದು ಸ್ಥಾನವನ್ನು ಗೊತ್ತುಮಾಡುವುದೇ ಇಲ್ಲಿನ ಮಿಶ್ರಣಕಾರನ ಕೆಲಸ. ಸಂಗೀತದ ಮಿಶ್ರಣಕ್ಕೆ ಸಾಮಾನ್ಯವಾಗಿ 12 ಸ್ಪೀಕರುಗಳನ್ನು ಬಳಸುತ್ತಾರೆ: ಸುತ್ತಲೂ 7, ತಗ್ಗಿನ ಸ್ವರಗಳಿಗೆಂದು 1, ತಲೆಯ ಮೇಲೆ 4. ಜೊತೆಗೆ ಪ್ರತಿಧ್ವನಿಯನ್ನು ಹತೋಟಿಯಲ್ಲಿಟ್ಟ ಕೊಠಡಿಯೂ ಬೇಕು. ಸಿರುಗುಪ್ಪದ ಭತ್ತದ ಗದ್ದೆಗಳ ನಡುವಿನಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗೆ ಇದು ಕನಸಿನ ಮಾತು. ಒಂದು ಒಳ್ಳೆಯ ಹೆಡ್‌ಫೋನು ಮಾತ್ರ ಕೈಗೆಟುಕಬಹುದು. ಹಾಗಾದರೆ ಹೆಡ್‌ಫೋನಿನಲ್ಲಿ ಮಾಡಿದ ಮಿಶ್ರಣ ನೆಚ್ಚತಕ್ಕದ್ದೆ?

ಕಲಿಯುವುದಕ್ಕೂ ಕೆಲಸದ ಬಹುಭಾಗವನ್ನು ಮುಗಿಸುವುದಕ್ಕೂ ಹೆಡ್‌ಫೋನು ಸಾಕು, ಕೊನೆಯ ತೀರ್ಪಿಗೆ ಮಾತ್ರ ಸಾಲದು ಎಂಬುದು ನಮ್ಮ ಮತ. ಇದಕ್ಕೆ ಕಾರಣ ನಮ್ಮ ಕಿವಿಯ ರಚನೆಯಲ್ಲಿಯೇ ಇದೆ.

ಎಡಗಡೆಯಿಂದ ಬಂದ ಶಬ್ದ ಬಲಗಿವಿಯನ್ನು ತುಸು ತಡವಾಗಿ ಮುಟ್ಟುತ್ತದೆ. ಆ ತಡ ಹೆಚ್ಚೆಂದರೆ ಸೆಕೆಂಡಿನ 1,500ರಲ್ಲಿ ಸುಮಾರು ಒಂದು ಪಾಲು. ಏರುದನಿಯ ಅಲೆಗಳಿಗೆ ತಲೆಯೇ ಅಡ್ಡವಾಗುವುದರಿಂದ ದೂರದ ಕಿವಿಗೆ ಅವು ಕ್ಷೀಣವಾಗಿಯೂ ಕೇಳುತ್ತವೆ. ದಿಕ್ಕನ್ನರಿಯಲು ಈ ಎರಡು ಸುಳುಹುಗಳು ನೆರವಾಗುವ ಬಗೆಯನ್ನು ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರ್‍ಯಾಲೆ 1907ರಲ್ಲಿ ವಿವರಿಸಿದನು. ಮೇಲುಕೆಳಗುಗಳನ್ನು ತಿಳಿಸುವುದಾದರೋ ಮುಖ್ಯವಾಗಿ ಹೊರಗಿವಿಯ ಮಡಿಕೆಗಳು. 1998ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕೆಲವರ ಕಿವಿಯ ಮಡಿಕೆಗಳಲ್ಲಿ ಅಚ್ಚುಗಳನ್ನಿಟ್ಟು ಅವುಗಳ ಆಕಾರವನ್ನು ಬದಲಿಸಿದರು. ಒಡನೆಯೇ ಶಬ್ದ ಮೇಲಿನದೋ ಕೆಳಗಿನದೋ ಎಂಬುದು ಅವರಿಗೆ ತಿಳಿಯದಾಯಿತು. ಕೆಲವು ವಾರಗಳಲ್ಲಿ ಅವರ ಮೆದುಳು ಹೊಸ ಕಿವಿಯ ಪಾಠವನ್ನು ಕಲಿತುಕೊಂಡಿತು!

ಹೆಡ್‌ಫೋನು ಶಬ್ದವನ್ನು ನೇರವಾಗಿ ಕಿವಿಗೆ ಒಪ್ಪಿಸುವುದರಿಂದ ತಲೆ ಮತ್ತು ಕಿವಿಮಡಿಕೆಗಳು ಮಾಡಬೇಕಾದ ಈ ಕೆಲಸವನ್ನು ಗಣಕಯಂತ್ರವೇ ಲೆಕ್ಕಹಾಕಿ ಮಾಡಬೇಕು. ಸಾಮಾನ್ಯವಾಗಿ ಅದು ಹಿಡಿಯುವ ಲೆಕ್ಕ ಒಂದು ಮಾದರಿ ತಲೆಯದು. ಅದು ಇನ್ನೊಬ್ಬರ ಅಳತೆಗೆ ಹೊಲಿದ ಅಂಗಿಯಂತೆ; ಕೆಲವರಿಗೆ ಸರಿಹೊಂದೀತು, ಕೆಲವರಿಗೆ ಹೊಂದದು. ಹೊಂದದವರಿಗೆ ಮುಂದಿನ ದನಿ ಹಿಂದಿನಿಂದಲೋ ತಲೆಯ ಒಳಗಿನಿಂದಲೋ ಬಂದಂತೆ ತೋರುತ್ತದೆ. ತಲೆಯ ಚಲನೆಯನ್ನು ಅರಿಯುವ ಸಾಧನವಿಲ್ಲದಿದ್ದರೆ, ಕತ್ತು ತಿರುಗಿಸಿದಾಗ ಊರಿಗೆ ಊರೇ ನಮ್ಮೊಡನೆ ತಿರುಗುತ್ತದೆ. ಡೊಳ್ಳಿನ ಪೆಟ್ಟನ್ನು ಎದೆಗೆ ಮುಟ್ಟಿಸುವ ಶಕ್ತಿಯೂ ಅದಕ್ಕಿಲ್ಲ.

ಗುಣಗಳನ್ನೂ ಮರೆಯಬಾರದು. ಕೊಠಡಿಯ ದೋಷ ಹೆಡ್‌ಫೋನಿಗೆ ತಟ್ಟದು; ಮುದ್ರಣದ ಸಣ್ಣ ಚಟಪಟ ಸದ್ದೂ ಅದರಲ್ಲಿ ಬಯಲಾಗುತ್ತದೆ. ಇಂದು ಅಸಂಖ್ಯ ಜನ ಸಂಗೀತವನ್ನು ಕೇಳುತ್ತಿರುವುದೂ ಅದರಲ್ಲಿಯೇ. ಆದುದರಿಂದ ಸ್ಪೀಕರುಗಳ ಕೋಣೆಯಲ್ಲಿ ಮಿಶ್ರಣ ಮಾಡಿದವನು ಸಹ ಒಮ್ಮೆ ಹೆಡ್‌ಫೋನಿನಲ್ಲಿ ಕೇಳಿನೋಡಲೇಬೇಕು.

ಇದು ಕೇವಲ ಸಿನಿಮಾದವರ ಚರ್ಚೆಯೆಂದು ವಾಚಕರು ಭಾವಿಸಬಾರದು. ಬಳ್ಳಾರಿ ನಗರದ ಹತ್ತಿರ ಸಂಗನಕಲ್ಲು–ಕಪ್ಗಲ್ಲು ಬೆಟ್ಟಗಳಿವೆ. ಕಪ್ಗಲ್ಲಿನ ಕೆಲವು ಕರಿಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ. ನವಶಿಲಾಯುಗದ ಜನ ಅವುಗಳನ್ನು ನುಡಿಸಿರಬೇಕೆಂಬುದು ವಿದ್ವಾಂಸರ ಊಹೆ. ಕಲ್ಲುಗಣಿಯಿಂದ ಆ ತಾಣಕ್ಕೆ ಅಪಾಯವಿದೆಯೆಂದು ಪುರಾತತ್ತ್ವಜ್ಞೆ ನಿಕೋಲ್ ಬೊವಿನ್ 2004ರಲ್ಲಿಯೇ ಎಚ್ಚರಿಸಿದರು. ಆ ನಾದವನ್ನೂ ನಮ್ಮ ಬಯಲಾಟದ ಹಿಮ್ಮೇಳವನ್ನೂ ಇದ್ದ ದಿಕ್ಕಿನಲ್ಲಿ ಇದ್ದ ಹಾಗೆಯೇ ಹಿಡಿದಿಡುವವರು ಯಾರು? ಇಲ್ಲಿಯವರೇ ಆ ವಿದ್ಯೆಯನ್ನು ಕಲಿಯಬೇಕಲ್ಲವೆ? ಹನ್ನೆರಡು ಸ್ಪೀಕರು ಬರುವವರೆಗೆ ಅವರು ಕಾಯುತ್ತ ಕುಳಿತರೆ ಬಂಡೆಗಳು ಕಾಯುವುದಿಲ್ಲ.

ಆದುದರಿಂದ ನಮ್ಮ ಸೂಚನೆಯಿಷ್ಟೆ. ವಿದ್ಯಾರ್ಥಿಗಳು ಸಂಕೋಚಪಡದೆ ಹೆಡ್‌ಫೋನಿನಲ್ಲಿಯೇ ಕೆಲಸವನ್ನು ಆರಂಭಿಸಲಿ. ಒಬ್ಬರು ಮಾಡಿದ ಮಿಶ್ರಣವನ್ನು ನಾಲ್ವರ ಕಿವಿ ಪರೀಕ್ಷಿಸಲಿ, ಏಕೆಂದರೆ ಒಬ್ಬರ ಕಿವಿ ಇನ್ನೊಬ್ಬರದಲ್ಲ. ಕೊನೆಯ ಪರೀಕ್ಷೆಗಾಗಿ ಬಳ್ಳಾರಿಯ ಕಾಲೇಜುಗಳು ಒಂದುಗೂಡಿ ಒಂದೇ ಒಂದು ಶ್ರವಣಕೊಠಡಿಯನ್ನು ಕಟ್ಟಿಕೊಳ್ಳಲಿ. ಸಿರುಗುಪ್ಪ, ಕುರುಗೋಡುಗಳ ವಿದ್ಯಾರ್ಥಿಗಳಿಗೂ ಅದರ ಬಾಗಿಲು ತೆರೆದಿರಲಿ.

ಎಚ್ಚರಿಕೆಯ ಮಾತೊಂದಿದೆ. ಹೆಡ್‌ಫೋನಿನ ಗಟ್ಟಿದನಿ ಶ್ರವಣಶಕ್ತಿಯನ್ನೇ ತಿನ್ನಬಲ್ಲದು. ದೊಡ್ಡವರಿಗೆ 80 ಡೆಸಿಬೆಲ್ ಮಟ್ಟದ ಶಬ್ದ ವಾರಕ್ಕೆ 40 ಗಂಟೆಗಳನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸ್ಪೀಕರು ಕೆಟ್ಟರೆ ಬೇರೊಂದನ್ನು ಕೊಳ್ಳಬಹುದು. ಕಿವಿ ಕೆಟ್ಟರೆ ಅದನ್ನು ಮಾರುವ ಅಂಗಡಿಯಿಲ್ಲ. ದಿನಕ್ಕೊಮ್ಮೆ ಹೆಡ್‌ಫೋನನ್ನು ತೆಗೆದಿಟ್ಟು, ಬಯಲಿನಲ್ಲಿ ಕಣ್ಣು ಮುಚ್ಚಿ ನಿಂತು ಯಾವ ಸದ್ದು ಎಲ್ಲಿಂದ ಬಂದಿತೆಂದು ಗಮನಿಸುವವನೇ ಮುಂದೆ ಒಳ್ಳೆಯ ಮಿಶ್ರಣಕಾರನಾದಾನು.