ಮಿದುಳೂ ವಿದ್ಯುತ್ತೂ

ಗುಂಡಿಯನ್ನೊತ್ತಿದರೆ ದೀಪ ಹತ್ತುವುದು, ಮತ್ತೊಮ್ಮೆ ಒತ್ತಿದರೆ ಆರುವುದು. ಹರಿದುಹೋದ ಪ್ರವಾಹದ ಗುರುತು ತಂತಿಯಲ್ಲಿ ಉಳಿಯುವುದಿಲ್ಲ. ಮಿದುಳಿಗೆ ವಿದ್ಯುತ್ತನ್ನು ಹಾಯಿಸುವುದೂ ಇಂಥದೇ ಎಂದು ಅನೇಕರು ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲವೆಂದು ಹಳೆಯ ಪ್ರಯೋಗವೊಂದು ತೋರಿಸಿಕೊಟ್ಟಿದೆ.

1960ರ ದಶಕದಲ್ಲಿ ಗ್ರಹಾಂ ಗೊಡಾರ್ಡ್ ಎಂಬ ವಿಜ್ಞಾನಿ ಕೆನಡಾದಲ್ಲಿ ಇಲಿಗಳ ಕಲಿಕೆಯನ್ನು ಪರೀಕ್ಷಿಸುತ್ತಿದ್ದರು. ಮಿದುಳಿನ ಆಳದಲ್ಲಿರುವ ಅಮಿಗ್ಡಲವೆಂಬ ಬಾದಾಮಿಯಾಕಾರದ ಭಾಗಕ್ಕೆ ಸೂಕ್ಷ್ಮವಾದ ತಂತಿಯನ್ನಿಳಿಸಿ, ದಿನಕ್ಕೊಮ್ಮೆ ಅತ್ಯಲ್ಪ ವಿದ್ಯುತ್ತನ್ನು ಹಾಯಿಸಿದರು. ಮೊದಮೊದಲು ಇಲಿ ಎಂದಿನಂತೆಯೇ ಇತ್ತು. ದಿನಗಳು ಕಳೆದಂತೆ ಅದರ ಮುಖ ಅದುರತೊಡಗಿತು, ತಲೆ ತೂಗತೊಡಗಿತು, ಕಡೆಗೆ ಹಿಂಗಾಲುಗಳ ಮೇಲೆದ್ದು, ಸೆಳವು ಬಂದು ಉರುಳಿಬಿದ್ದಿತು. ಹೆಚ್ಚಿದ್ದುದು ವಿದ್ಯುತ್ತಲ್ಲ, ಮಿದುಳಿನ ಪ್ರತಿಕ್ರಿಯೆ. ತಂತಿಯನ್ನಿಟ್ಟು ವಿದ್ಯುತ್ತನ್ನು ಹಾಯಿಸದೆ ಬಿಟ್ಟ ಇಲಿಗಳಲ್ಲಿ ಹೀಗಾಗಲಿಲ್ಲ. ಒಮ್ಮೆ ಈ ಸ್ಥಿತಿಯನ್ನು ಮುಟ್ಟಿದ ಇಲಿಯಲ್ಲಿ, ವಾರಗಟ್ಟಲೆ ವಿರಾಮದ ತರುವಾಯವೂ ಆ ಗುಣ ಉಳಿದಿತ್ತು. 1967ರಲ್ಲಿ ಪ್ರಕಟವಾದ ಈ ಸಂಗತಿಗೆ ಮುಂದೆ ‘ಕಿಂಡ್ಲಿಂಗ್’ ಎಂಬ ಹೆಸರಾಯಿತು. ಒಲೆಯ ಪುರಳೆಗೆ ತಗುಲಿದ ಕಿಡಿ ಮೆಲ್ಲನೆ ಕೊರಡನ್ನು ಹತ್ತಿಕೊಳ್ಳುವಂತೆ ಎಂದರ್ಥ.

ಇದರ ಕಾರಣವೇನು? ಹೊರಗಿನ ಪ್ರವಾಹ ನಿಂತಮೇಲೂ ನರಕೋಶಗಳು ಕೆಲವು ಕ್ಷಣ ಒಟ್ಟಿಗೆ ಮಿಡಿಯುತ್ತಲೇ ಇರುತ್ತವೆ. ಅಪಸ್ಮಾರದಲ್ಲಿ ಕಾಣುವುದೂ ಇಂಥ ಸಾಮೂಹಿಕ ಮಿಡಿತವೇ. ಅದು ಮರುಕಳಿಸಿದ ಹಾಗೆಲ್ಲ ಕೋಶಗಳ ಪರಸ್ಪರ ಸಂಬಂಧ ಬಲಗೊಂಡು, ಮಿದುಳಿನ ಬೇರೆ ಭಾಗಗಳೂ ಅದರಲ್ಲಿ ಸೇರಿಕೊಳ್ಳುತ್ತವೆ. ಕಲಿಕೆಯಲ್ಲಿಯೂ ಕೋಶಗಳ ಸಂಬಂಧ ಬಲಗೊಳ್ಳುವುದುಂಟು. ಮಿದುಳು ಪಾಠವನ್ನು ಕಲಿಯುವಂತೆ ರೋಗವನ್ನೂ ಕಲಿಯಬಲ್ಲದು!

ಹಾಗಾದರೆ ವಿದ್ಯುಚ್ಚಿಕಿತ್ಸೆಗೆ ಅಂಜಬೇಕೇ? ಬೇಕಿಲ್ಲ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ವೈದ್ಯ ಬೆನಬಿದ್ ಅವರು ಥಾಲಮಸ್ ಎಂಬ ಆಳದ ಭಾಗಕ್ಕೆ ಸೆಕೆಂಡಿಗೆ ನೂರಕ್ಕೂ ಮಿಕ್ಕ ಮಿಡಿತಗಳನ್ನು ಕೊಟ್ಟು ರೋಗಿಗಳ ನಡುಕವನ್ನು ಅಡಗಿಸಿದರು. ಥಾಲಮಸ್ಸಿನ ಇನ್ನೊಂದು ಕೇಂದ್ರಕ್ಕೆ ವಿದ್ಯುತ್ತನ್ನು ಹಾಯಿಸಿ ಅಪಸ್ಮಾರವನ್ನೇ ತಗ್ಗಿಸುವ ಚಿಕಿತ್ಸೆಗೆ 2018ರಲ್ಲಿ ಅಮೆರಿಕ ಒಪ್ಪಿಗೆಯಿತ್ತಿತು. ಇಂಥ ಚಿಕಿತ್ಸೆಯಿಂದ ಹೊಸದಾಗಿ ಸೆಳವು ಬರುವುದು ಅಪರೂಪ; ಬಂದರೂ ಬಹುಮಟ್ಟಿಗೆ ಶಸ್ತ್ರಕ್ರಿಯೆಯ ಸಮೀಪದ ದಿನಗಳಲ್ಲಿ. ಒಂದೆಡೆ ಸೆಳವನ್ನು ಎಬ್ಬಿಸುವ ವಿದ್ಯುತ್ತು ಇನ್ನೊಂದೆಡೆ ಅದನ್ನು ಅಡಗಿಸುವುದು. ಸ್ಥಾನ, ಪ್ರಮಾಣ, ಮಿಡಿತದ ವೇಗ, ನಡುವಣ ವಿರಾಮ ಇವೇ ಫಲವನ್ನು ನಿರ್ಣಯಿಸುವುವು.

ಆದುದರಿಂದ ಇಂಥ ಚಿಕಿತ್ಸೆಯನ್ನು ಮೊದಲ ದಿನದ ಫಲದಿಂದ ಅಳೆಯಬಾರದೆಂದು ನನ್ನ ಅಭಿಪ್ರಾಯ. ಗೊಡಾರ್ಡರು ಮೊದಲ ದಿನವೇ ಪರೀಕ್ಷೆಯನ್ನು ನಿಲ್ಲಿಸಿದ್ದರೆ, ಆ ಪ್ರವಾಹ ನಿರಪಾಯವೆಂದೇ ಬರೆದಿಡುತ್ತಿದ್ದರು. ರೋಗಿಯನ್ನು ವರ್ಷಗಟ್ಟಲೆ ಗಮನಿಸುವುದು ಚಿಕಿತ್ಸೆಯ ಅಂಗವಾಗಬೇಕು. ಅದರ ವೆಚ್ಚವನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ನೆನಪು ಹೆಚ್ಚುವುದೆಂದು ಹೇಳಿ ತಲೆಗೆ ಕಟ್ಟಿಕೊಳ್ಳುವ ವಿದ್ಯುತ್ ಸಾಧನಗಳೂ ಇಂದು ಮಾರಾಟಕ್ಕಿವೆ. ತಲೆಬುರುಡೆಯ ಹೊರಗಿನಿಂದ ಬರುವ ಆ ಪ್ರವಾಹ ಇಲಿಗಳ ಪ್ರಯೋಗದಂಥದಲ್ಲ, ನಿಜ. ಆದರೂ ‘ಒಮ್ಮೆ ನೋಡಿದೆ, ಏನೂ ಆಗಲಿಲ್ಲ’ ಎಂಬ ಮಾತನ್ನು ಪುರಾವೆಯೆಂದು ವಿದ್ಯಾರ್ಥಿಗಳು ನಂಬದಿರಲಿ. ತಂತಿ ಮರೆಯುತ್ತದೆ, ಮಿದುಳು ಮರೆಯುವುದಿಲ್ಲ.