ಆರ್ಡರ್ ಸಲ್ಲಿಕೆಗೆ ಬಟನ್ನೇ ಇರಲಿ

ಸಣ್ಣ ಉದ್ಯಮಿಗಳೂ ವರ್ತಕರೂ ತಮ್ಮ ಸಂಸ್ಥೆಗೆ ವೆಬ್‌ಸೈಟ್ ಮಾಡಿಸುವಾಗ ಬಣ್ಣ, ಚಿತ್ರ, ಲಾಂಛನಗಳ ಕುರಿತು ದೀರ್ಘವಾಗಿ ಚರ್ಚಿಸುತ್ತಾರೆ. ಗ್ರಾಹಕನು ಆರ್ಡರ್ ಫಾರಂ ತುಂಬಿ ಕೊನೆಯಲ್ಲಿ ಒತ್ತುವ ಜಾಗದ ಬಗ್ಗೆ ವಿಚಾರಿಸುವವರು ವಿರಳ. ವ್ಯವಹಾರ ಕುದುರುವುದೂ ಕೈತಪ್ಪುವುದೂ ಅಲ್ಲಿಯೇ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ಕ್ಕೆ ಸೇರಿಸಲಾಗಿ 2009ರಲ್ಲಿ ಜಾರಿಗೆ ಬಂದ 10ಎ ಕಲಮಿನಂತೆ, ವಿದ್ಯುನ್ಮಾನ ರೂಪದಲ್ಲಿ ಏರ್ಪಟ್ಟಿತೆಂಬ ಕಾರಣಕ್ಕಷ್ಟೇ ಯಾವ ಕರಾರೂ ಅಸಿಂಧುವಾಗುವುದಿಲ್ಲ. ಹೀಗಿರುವಾಗ ಆ ಒಂದು ಕ್ಲಿಕ್ಕನ್ನು ವಿನ್ಯಾಸಕಾರರ ಅಭಿರುಚಿಗೆ ಬಿಟ್ಟುಬಿಡುವುದು ವಿವೇಕವಲ್ಲ.

ವೆಬ್ ಪುಟದಲ್ಲಿ ಲಿಂಕ್ ಮತ್ತು ಬಟನ್‌ಗಳ ಕೆಲಸ ಬೇರೆ ಬೇರೆ. ಲಿಂಕ್ ಒತ್ತಿದಾಗ ಬ್ರೌಸರ್ 'ಗೆಟ್' ವಿಧಾನದಿಂದ ಇನ್ನೊಂದು ಪುಟವನ್ನು ತರಿಸಿಕೊಳ್ಳುತ್ತದೆ. ಫಾರಂನ ಬಟನ್ 'ಪೋಸ್ಟ್' ವಿಧಾನದಿಂದ ವಿವರಗಳನ್ನು ಸರ್ವರ್‌ಗೆ ತಲುಪಿಸಬಲ್ಲದು. 'ಗೆಟ್' ಕೋರಿಕೆ ಕೇವಲ ಓದುವುದಕ್ಕೆ, ಅದರಿಂದ ದಾಖಲೆಗಳು ಬದಲಾಗಬಾರದು ಎಂಬುದು 1999ರ ಎಚ್‌ಟಿಟಿಪಿ ನಿಯಮಾವಳಿಯ ಆಶಯ. 2022ರ ಪರಿಷ್ಕೃತ ನಿಯಮಾವಳಿಯೂ ಅದನ್ನೇ ಉಳಿಸಿಕೊಂಡಿದೆ. ದರಪಟ್ಟಿಯನ್ನು ನೋಡುವುದಕ್ಕೂ ಲೆಕ್ಕದ ಪುಸ್ತಕದಲ್ಲಿ ಬರೆಯುವುದಕ್ಕೂ ಇರುವ ವ್ಯತ್ಯಾಸವಿದು.

ಈ ನಿಯಮವನ್ನು ಕಡೆಗಣಿಸಿದುದರ ಫಲ 2005ರಲ್ಲಿ ಕಂಡುಬಂತು. ಆ ವರ್ಷ ಬಂದ ಗೂಗಲ್ ವೆಬ್ ಆಕ್ಸಿಲರೇಟರ್ ಎಂಬ ತಂತ್ರಾಂಶವು, ಬಳಕೆದಾರರು ಒತ್ತುವ ಮೊದಲೇ ಲಿಂಕುಗಳನ್ನು ತಾನಾಗಿ ತೆರೆದು ಪುಟಗಳನ್ನು ತಂದಿಡುತ್ತಿತ್ತು. 'ಅಳಿಸು' ಎಂಬ ಕ್ರಿಯೆಯನ್ನು ಸಾಮಾನ್ಯ ಲಿಂಕ್ ಆಗಿ ಇಟ್ಟಿದ್ದ ತಾಣಗಳಲ್ಲಿ, ಯಾರೂ ಒತ್ತದೆಯೇ ದಾಖಲೆಗಳು ಅಳಿಸಿಹೋದವು.

ಎರಡನೆಯ ಬಗೆಯ ತೊಡಕು ಲಿಂಕ್‌ನ ವೇಷ ತೊಟ್ಟ ಬಟನ್‌ಗಳದು. 2002ರಲ್ಲಿ ಬಂದ ಎಎಸ್‌ಪಿ ಡಾಟ್ ನೆಟ್‌ನ 'ಲಿಂಕ್‌ಬಟನ್' ಇದಕ್ಕೆ ಉದಾಹರಣೆ. ನೋಟಕ್ಕೆ ಲಿಂಕ್ ಆದರೂ ಅದು ಜಾವಾಸ್ಕ್ರಿಪ್ಟ್ ಮೂಲಕ ಫಾರಂ ಅನ್ನು 'ಪೋಸ್ಟ್' ಮಾಡಿಸುತ್ತದೆ. ಆದ್ದರಿಂದ ಮೇಲೆ ಹೇಳಿದ ಅಪಾಯ ಇದಕ್ಕಿಲ್ಲ. ಆದರೆ ದುರ್ಬಲ ಸಂಪರ್ಕದಿಂದ ಸ್ಕ್ರಿಪ್ಟ್ ಪೂರ್ತಿ ಇಳಿಯದಿದ್ದರೆ ಎಷ್ಟು ಒತ್ತಿದರೂ ಫಾರಂ ಹೊರಡುವುದಿಲ್ಲ. ಹೊಸ ಟ್ಯಾಬಿನಲ್ಲಿ ತೆರೆಯಹೊರಟರೂ ಫಲವಿಲ್ಲ. ನಿಜವಾದ ಬಟನ್ ಒಂದೂ ಇಲ್ಲದೆ ಹಲವು ಕಾಲಂಗಳಿರುವ ಫಾರಂ ಎಂಟರ್ ಕೀಲಿಗೆ ಸ್ಪಂದಿಸದು. ದೃಷ್ಟಿದೋಷವುಳ್ಳವರು ಬಳಸುವ, ಪರದೆಯನ್ನು ಓದಿಹೇಳುವ ತಂತ್ರಾಂಶವೂ ಅದನ್ನು 'ಲಿಂಕ್' ಎಂದೇ ಸಾರುತ್ತದೆ. ಗ್ರಾಹಕನು ದೂರು ಹೇಳಲು ಬರುವುದಿಲ್ಲ, ಇನ್ನೊಬ್ಬ ಮಾರಾಟಗಾರನಲ್ಲಿಗೆ ಹೋಗುತ್ತಾನೆ. ಕೈತಪ್ಪಿದ ಆರ್ಡರ್ ಯಾವ ಲೆಕ್ಕದಲ್ಲಿಯೂ ಕಾಣಸಿಗುವುದಿಲ್ಲ.

ಪುಟ ಅಚ್ಚುಕಟ್ಟಾಗಿ ಕಾಣಲು ಲಿಂಕ್ ಬೇಕೆಂಬುದು ವಿನ್ಯಾಸಕಾರರ ವಾದ. ಇದರಲ್ಲಿ ಹುರುಳಿಲ್ಲ. ನಿಜವಾದ ಬಟನ್ನಿಗೇ ಸಿಎಸ್‌ಎಸ್ ಮೂಲಕ ಲಿಂಕ್‌ನ ರೂಪ ಕೊಡಬಹುದು. ಹೀಗೆ ಮಾಡಿದರೆ ನೋಟವೂ ಉಳಿಯುತ್ತದೆ, ಕೆಲಸವೂ ಕೆಡುವುದಿಲ್ಲ; ಹೆಚ್ಚಿನ ವೆಚ್ಚವೇನೂ ತಗಲುವುದಿಲ್ಲ.

ಬಟನ್ ಸರಿಯಾಗಿದ್ದರೆ ಸಾಲದು, ಸರ್ವರ್‌ನ ನಡವಳಿಕೆಯೂ ಸರಿಯಿರಬೇಕು. ಆರ್ಡರ್ ದಾಖಲಾದ ಕೂಡಲೇ ಸರ್ವರ್ ಗ್ರಾಹಕನನ್ನು ಪ್ರತ್ಯೇಕ ಸ್ವೀಕೃತಿ ಪುಟಕ್ಕೆ ಕಳುಹಿಸಿದರೆ, ಆತ ಆ ಪುಟವನ್ನು ರಿಫ್ರೆಶ್ ಮಾಡಿದರೂ ಅದೇ ಆರ್ಡರ್ ಮತ್ತೆ ಸಲ್ಲಿಕೆಯಾಗದು. ಪ್ರತಿ ಫಾರಂಗೂ ಮೊದಲೇ ಒಂದು ವಿಶಿಷ್ಟ ಸಂಖ್ಯೆಯನ್ನಿತ್ತರೆ, ಅವಸರದಲ್ಲಿ ಎರಡು ಬಾರಿ ಒತ್ತಿದ್ದನ್ನು ಸರ್ವರ್ ಗುರುತಿಸಿ ತಡೆಯಬಲ್ಲದು. ಇಲ್ಲವಾದರೆ ಹತ್ತು ಪೆಟ್ಟಿಗೆ ಕೇಳಿದವನಿಗೆ ಇಪ್ಪತ್ತು ರವಾನೆಯಾಗಿ, ಸಾಗಣೆ ವೆಚ್ಚವೂ ಮನಸ್ತಾಪವೂ ಮಾರಾಟಗಾರನ ಪಾಲಿಗೆ ಬರುತ್ತವೆ.

ವೆಬ್‌ಸೈಟ್ ಮಾಡಿಕೊಟ್ಟವರ ಅಂತಿಮ ಬಿಲ್ ಪಾವತಿಸುವ ಮುನ್ನ ಮಾಲೀಕರು ಮೂರು ಪರೀಕ್ಷೆಗಳನ್ನು ತಾವೇ ನಡೆಸುವುದು ಒಳಿತು: ಜಾವಾಸ್ಕ್ರಿಪ್ಟ್ ನಿಲ್ಲಿಸಿ ಫಾರಂ ಸಲ್ಲಿಸಿ ನೋಡುವುದು, ಮೌಸ್ ಮುಟ್ಟದೆ ಕೀಲಿಮಣೆಯಿಂದಲೇ ಸಲ್ಲಿಸುವುದು, ಸಲ್ಲಿಸಿದ ಬಳಿಕ ಪುಟವನ್ನು ರಿಫ್ರೆಶ್ ಮಾಡುವುದು. ಮೂರರಲ್ಲಿಯೂ ಒಂದೊಂದೇ ಆರ್ಡರ್ ದಾಖಲಾದರೆ ಕೆಲಸ ಸಮರ್ಪಕವೆಂದು ತಿಳಿಯಬಹುದು. ತಂದ ಸರಕನ್ನು ತೂಗಿ ನೋಡದೆ ಹಣ ಕೊಡದ ವರ್ತಕರು ವೆಬ್‌ಸೈಟ್ ವಿಷಯದಲ್ಲಿಯೂ ಅದೇ ಎಚ್ಚರವನ್ನು ವಹಿಸಬೇಕು.